ಸುಡುಬಿಸಿಲಲ್ಲಿ ಊಟಕ್ಕೆ ಕರೆದಿದ್ದೀರಾ? ಅಡುಗೆಯ ಕೆಲಸ ಯಾವ ಹೊತ್ತಿಗೆ ಬೀಳುತ್ತದೆ ಅಂತ ನೋಡಿ ಆರಿಸಿ

ಬೇಸಿಗೆಯಲ್ಲಿ ಆರು ಜನರನ್ನು ಊಟಕ್ಕೆ ಕರೆಯುವುದು ಸುಲಭ. ಅವರು ಬರುವ ಹೊತ್ತಿಗೆ ಅಡುಗೆಮನೆಯಿಂದ ಮನುಷ್ಯರ ಹಾಗೆ ಹೊರಗೆ ಬರುವುದೇ ಕಷ್ಟ. ಎಷ್ಟೋ ವರ್ಷ ನಾನು ಏನು ಮಾಡಬೇಕು ಅಂತ ಆರಿಸುತ್ತಿದ್ದದ್ದು ಫೋಟೋ ನೋಡಿ. ಫೋಟೋದಲ್ಲಿ ಅಡುಗೆ ಮಾಡಿದವರ ಬೆವರು ಕಾಣುವುದಿಲ್ಲ ನೋಡಿ! ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಕೆಲಸ ಯಾವ ಹೊತ್ತಿಗೆ ಬೀಳುತ್ತದೆ? ಹಿಂದಿನ ರಾತ್ರಿಯಾ, ಬೆಳಗ್ಗೆಯಾ, ಇಲ್ಲಾ ಬಾಗಿಲು ಬಡಿದ ಮೇಲಾ?

ಒಂದು ಅಡುಗೆಗೆ ಪೂರ್ತಿ ಒಂದು ಗಂಟೆ ಹಿಡಿಯಬಹುದು, ಆದರೆ ಆ ಗಂಟೆ ಹಿಂದಿನ ರಾತ್ರಿ ತಂಪು ಹೊತ್ತಿನಲ್ಲಿ ಮುಗಿದುಹೋದರೆ ನನ್ನ ಲೆಕ್ಕಕ್ಕೆ ಅದು ಸುಲಭದ ಅಡುಗೆ. ಇನ್ನೊಂದಕ್ಕೆ ಹದಿನೈದೇ ನಿಮಿಷ ಸಾಕು, ಆದರೆ ಆ ಹದಿನೈದು ನಿಮಿಷ ಬಂದವರು ಸೋಫಾದಲ್ಲಿ ಕೂತಿರುವಾಗಲೇ ಬರುತ್ತದೆ, ಅವರು ಆ ಕಡೆ ನಗುತ್ತಿರುತ್ತಾರೆ, ನೀವು ಈ ಕಡೆ ಒಲೆ ಮುಂದೆ ಕೆಂಪಾಗಿ ನಿಂತಿರುತ್ತೀರಿ. "ಬರೀ 15 ನಿಮಿಷದ ಅಡುಗೆ" ಅನ್ನುವುದನ್ನು ನಂಬಿ ಮೋಸಹೋಗುವುದು ಇಲ್ಲೇ.

ಇನ್ನು ತಿಂದವರು "ಅಬ್ಬಾ" ಅನ್ನಬೇಕು ಅನ್ನುವ ಆಸೆ. ಆಸೆ ತಪ್ಪೇನಲ್ಲ. ಆದರೆ ಅದಕ್ಕೆ ಹತ್ತು ಬಗೆ ಮಾಡಬೇಕಾಗಿಲ್ಲ. ಸೆಕೆಯಲ್ಲಿ ಬಂದವರಿಗೆ ನಿಜವಾಗಿ ತಣ್ಣಗಿರುವುದು ಒಂದು ಸಿಗಬೇಕು, ಬಾಯಲ್ಲಿ ಕರುಂ ಅನ್ನುವುದು ಒಂದು ಸಿಗಬೇಕು. ಅಷ್ಟಾದರೆ ಉಳಿದದ್ದನ್ನು ಯಾರೂ ಎಣಿಸುವುದಿಲ್ಲ.

ತಣ್ಣನೆ ಸೂಪಾ, ಸಲಾಡಾ?

ಎರಡಕ್ಕೂ ಬೇಕಾಗುವುದು ಹೆಚ್ಚುಕಡಿಮೆ ಅದೇ ಸಾಮಾನು. ಟೊಮ್ಯಾಟೊ, ಸೌತೆಕಾಯಿ, ಕ್ಯಾಪ್ಸಿಕಂ, ಬೆಳ್ಳುಳ್ಳಿ, ಎಣ್ಣೆ, ಹುಳಿ. ಮಿಕ್ಸಿಗೆ ಹಾಕಿದರೆ ಸೂಪು, ಚಾಕುವಿನಲ್ಲಿ ಹೆಚ್ಚಿದರೆ ಸಲಾಡ್. ಆದರೆ ಸ್ವಭಾವ ಪೂರ್ತಿ ಉಲ್ಟಾ. ಸೂಪು ಇಟ್ಟಷ್ಟೂ ರುಚಿಯಾಗುತ್ತದೆ, ಸಲಾಡ್ ಇಟ್ಟಷ್ಟೂ ಕೆಡುತ್ತದೆ.

ಕಾರಣ ನೀರು. ಸೌತೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ, ಟೊಮ್ಯಾಟೊದಲ್ಲೂ ಹತ್ತಿರ ಹತ್ತಿರ ಅಷ್ಟೇ. ಉಪ್ಪು ಬಿದ್ದ ತಕ್ಷಣ ಆ ನೀರು ಹೊರಗೆ ಬರಲು ಶುರುವಾಗುತ್ತದೆ. ಸೂಪಿಗೆ ಅದೇ ಬೇಕು. ಸಲಾಡಿನಲ್ಲಿ ಅದು ಬಟ್ಟಲಿನ ತಳದಲ್ಲಿ ಕೊಳ ಆಗಿ ನಿಲ್ಲುತ್ತದೆ, ಎಲೆಗಳು ಅದರಲ್ಲಿ ಮುಳುಗಿ ಬಾಡುತ್ತವೆ.

ತಣ್ಣನೆ ಸೂಪು ಅಂದರೆ ಎಲ್ಲರಿಗೂ ನೆನಪಾಗುವುದು ಸ್ಪೇನಿನವರ ಗಜ್ಪಾಚೊ. ಮೂಲದಲ್ಲಿ ಅದು ಹಳೆ ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್, ಉಪ್ಪು ಹಾಕಿ ಕುಟ್ಟಿದ್ದು. ಟೊಮ್ಯಾಟೊ ಅಮೆರಿಕ ಖಂಡದಿಂದ ಯುರೋಪಿಗೆ ಬಂದ ಮೇಲಷ್ಟೇ ಅದಕ್ಕೆ ಈಗಿನ ಕೆಂಪು ಬಂದದ್ದು. ನಾನು ಆರು ಜನರಿಗೆ ಮಾಡುವ ಅಳತೆ ಇಷ್ಟು: ಚೆನ್ನಾಗಿ ಹಣ್ಣಾದ ಟೊಮ್ಯಾಟೊ 1 ಕೆಜಿ, ಒಂದು ಸೌತೆಕಾಯಿ, ಅರ್ಧ ಕ್ಯಾಪ್ಸಿಕಂ, ಬೆಳ್ಳುಳ್ಳಿ ಒಂದೇ ಒಂದು ಎಸಳು (ಹಸಿ ಬೆಳ್ಳುಳ್ಳಿ ರಾತ್ರಿ ಕಳೆದರೆ ಜೋರಾಗುತ್ತದೆ, ಎರಡು ಹಾಕಿ ನಾನು ಪಾಠ ಕಲಿತಿದ್ದೇನೆ), ನೆನೆಸಿದ ಒಂದು ಬ್ರೆಡ್ ತುಂಡು, 2 ದೊಡ್ಡ ಚಮಚ ವಿನೆಗರ್, 4 ದೊಡ್ಡ ಚಮಚ ಎಣ್ಣೆ. ಎಣ್ಣೆ ಬಿಟ್ಟು ಉಳಿದದ್ದನ್ನು ಮೊದಲು ನುಣ್ಣಗೆ ರುಬ್ಬಿ. ಆಮೇಲೆ ಮಿಕ್ಸಿ ನಿಧಾನಕ್ಕೆ ತಿರುಗುತ್ತಿರುವಾಗಲೇ ಎಣ್ಣೆಯನ್ನು ಸಣ್ಣಗೆ ಧಾರೆ ಕಟ್ಟಿ ಸುರಿಯಿರಿ. ಜಾರಿನೊಳಗೆ ನೋಡುತ್ತಿರಿ, ಕಡು ಕೆಂಪು ಇದ್ದದ್ದು ನಿಮ್ಮ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದೇ ಗುರುತು, ಎಣ್ಣೆ ಬೆರೆತುಕೊಂಡಿತು ಅಂತ. ಕೆನೆ ಹಾಕದೆಯೇ ಕೆನೆ ಹಾಕಿದ ಹಾಗಿರುತ್ತದೆ. ಸೋಸಿ ಫ್ರಿಜ್ಜಿಗೆ ಇಟ್ಟು ಮಲಗಿ.

ಮರುದಿನ ರುಚಿ ನೋಡಿದರೆ ಸಪ್ಪೆ ಅನ್ನಿಸುತ್ತದೆ. ಗಾಬರಿ ಬೇಡ. ತಣ್ಣಗಿರುವಾಗ ನಾಲಿಗೆಗೆ ರುಚಿ ಮಂದವಾಗಿ ತಿಳಿಯುತ್ತದೆ. ಕರಗಿದ ಐಸ್‌ಕ್ರೀಮ್ ಕುಡಿದು ನೋಡಿದ್ದರೆ ಗೊತ್ತಿರುತ್ತದೆ, ಗಂಟಲು ಕಟ್ಟುವಷ್ಟು ಸಿಹಿ ಅಲ್ವಾ? ಗಟ್ಟಿ ಇದ್ದಾಗಲೂ ಸಕ್ಕರೆ ಅಷ್ಟೇ ಇತ್ತು. ಆದ್ದರಿಂದ ತಣ್ಣಗೆ ಬಡಿಸುವ ಯಾವುದಕ್ಕೇ ಆಗಲಿ ಉಪ್ಪು ಹುಳಿ ಹದ ಮಾಡುವುದು ತಣ್ಣಗಾದ ಮೇಲೆ.

ಸೂಪಿನ ಒಂದೇ ತೊಂದರೆ, ಕೆಲವರಿಗೆ ತಣ್ಣನೆ ಸೂಪು ಅಂದರೆ ಏನೋ ತಪ್ಪಾಗಿದೆ ಅನ್ನಿಸುತ್ತದೆ. "ಬಿಸಿ ಮಾಡೋದು ಮರೆತುಹೋಯ್ತಾ?" ಅಂತ ನನ್ನನ್ನು ಕೇಳಿದವರಿದ್ದಾರೆ. ಅದಕ್ಕೆ ನಾನು ಬಟ್ಟಲಿನಲ್ಲಿ ಚಮಚದ ಜೊತೆ ಕೊಡುವುದನ್ನೇ ಬಿಟ್ಟೆ. ಸಣ್ಣ ಗಾಜಿನ ಲೋಟದಲ್ಲಿ ಹಾಕಿ, ಮೇಲೆ ಸಣ್ಣಗೆ ಹೆಚ್ಚಿದ ಸೌತೆಕಾಯಿ ಒಂದಿಷ್ಟು ಉದುರಿಸಿ, ಬಂದ ತಕ್ಷಣ ಕೈಗೆ ಕೊಟ್ಟುಬಿಡುತ್ತೇನೆ. ಲೋಟದಲ್ಲಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಕುಡಿಯುತ್ತಾರೆ.

ಸಲಾಡ್ ಯಾವಾಗ? ನಾಲ್ಕು ಜನಕ್ಕೆ, ಮೇಜಿಗೆ ಇಡುವ ಹತ್ತು ನಿಮಿಷ ಮುಂಚೆ ನಿಮ್ಮ ಕೈ ಖಾಲಿ ಇರುತ್ತದೆ ಅನ್ನುವ ಖಾತ್ರಿ ಇದ್ದರೆ. ಕಲ್ಲಂಗಡಿ, ಪುದೀನ, ಉಪ್ಪುಪ್ಪಾದ ಚೀಸ್ ಇಲ್ಲಾ ಪನೀರ್, ಮೇಲೆ ನಿಂಬೆ. ಇಷ್ಟು ಸುಲಭದ್ದು ಇಷ್ಟು ಚಂದ ಕಾಣುವುದು ಬೇರೆ ಇಲ್ಲ. ಕಲ್ಲಂಗಡಿ ಬೆಳಗ್ಗೆಯೇ ಹೆಚ್ಚಿ ಜರಡಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿ, ಬಿಡುವ ನೀರೆಲ್ಲ ಕೆಳಗಿಳಿಯಲಿ. ಸೌತೆಕಾಯಿ ಹಾಕುವುದಾದರೆ ಮೊದಲೇ ಉಪ್ಪು ಸವರಿ 20 ನಿಮಿಷ ಬಿಟ್ಟು, ನೀರು ಚೆಲ್ಲಿ, ಬಟ್ಟೆಯಲ್ಲಿ ಒತ್ತಿ ಒರೆಸಿ. ಚಾಕುವಿನಲ್ಲಿ ಹೆಚ್ಚುವ ಬದಲು ಲಟ್ಟಣಿಗೆಯಲ್ಲಿ ಒಂದೇಟು ಹಾಕಿ ಒಡೆದರೆ ಇನ್ನೂ ಒಳ್ಳೆಯದು, ಒಡೆದ ಒರಟು ಮೈಗೆ ಮಸಾಲೆ ಹಿಡಿಯುವ ಹಾಗೆ ನಯವಾದ ಬಿಲ್ಲೆಗೆ ಹಿಡಿಯುವುದಿಲ್ಲ. ಎಣ್ಣೆ ಮೂರು ಪಾಲು, ಹುಳಿ ಒಂದು ಪಾಲು. ಉಪ್ಪು ಕಟ್ಟಕಡೆಗೆ, ಬಡಿಸುವ ಕೈಯಲ್ಲೇ.

ಮತ್ತೆ, ಸಲಾಡಿನ ಟೊಮ್ಯಾಟೊ ಫ್ರಿಜ್ಜಿನಲ್ಲಿ ಇಡಬೇಡಿ. ಇದು ಅಜ್ಜಿಯರ ಮಾತು ಅಂದುಕೊಂಡಿದ್ದೆ. 2016ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ ನೋಡಿದರು. 5 ಡಿಗ್ರಿ ಚಳಿಯಲ್ಲಿ ಒಂದು ವಾರ ಇಟ್ಟ ಹಣ್ಣಿನಲ್ಲಿ ಪರಿಮಳ ಕೊಡುವ ಅಂಶಗಳನ್ನು ತಯಾರಿಸುವ ಕೆಲಸವೇ ತಗ್ಗಿಹೋಗಿರುತ್ತದೆ, ಹೊರಗೆ ತೆಗೆದಿಟ್ಟರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಸೂಪಿನದು ಬೇರೆ ಮಾತು, ರುಬ್ಬಿ ಒಂದು ರಾತ್ರಿ ಇಟ್ಟರೆ ಏನೂ ಆಗುವುದಿಲ್ಲ.

ನನ್ನ ಓಟು ಯಾವತ್ತೂ ಕಟ್ಟಿದ ಮೊಸರಿಗೆ

ಹಿಂದಿನ ರಾತ್ರಿ ಎರಡೇ ನಿಮಿಷದ ಕೆಲಸ, ಮರುದಿನ ಮೇಜಿನ ಮೇಲೆ ಎಲ್ಲರ ಕಣ್ಣೂ ಇದರ ಮೇಲೆ. 1 ಕೆಜಿ ಗಟ್ಟಿ ಮೊಸರಿಗೆ ಚಿಟಿಕೆ ಉಪ್ಪು ಕಲಸಿ, ತೆಳು ಹತ್ತಿ ಬಟ್ಟೆಗೆ ಹಾಕಿ ಗಂಟು ಕಟ್ಟಿ, ಜರಡಿಯಲ್ಲಿಟ್ಟು ಕೆಳಗೊಂದು ಪಾತ್ರೆ ಇಡಿ. ಕೊಳಾಯಿಗೆ ತೂಗುಹಾಕುವುದು ನೋಡೋಕೆ ಚಂದ, ತೊಟ್ಟಿಕ್ಕುವ ಸದ್ದೂ ಚಂದ, ಆದರೆ ಬೇಸಿಗೆಯಲ್ಲಿ ಬೆಳಗಾಗುವುದರೊಳಗೆ ಹುಳಿ ಹಿಡಿದುಬಿಡುತ್ತದೆ. ಫ್ರಿಜ್ಜಿನೊಳಗೇ ಇಡಿ. ಬೆಳಗ್ಗೆ ಅರ್ಧದಷ್ಟು ನೀರಾಗಿ ಇಳಿದಿರುತ್ತದೆ, ಬಟ್ಟೆ ಬಿಚ್ಚಿದರೆ ನೇಯ್ಗೆಯ ಅಚ್ಚು ಬಿದ್ದ ಬಿಳಿ ಉಂಡೆ.

ಅಗಲದ ತಟ್ಟೆಯೊಂದನ್ನು ಫ್ರೀಜರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ. ಮೊಸರನ್ನು ಅದರ ಮೇಲೆ ಹಾಕಿ ಚಮಚದ ಬೆನ್ನಿನಿಂದ ಸುತ್ತು ಹಾಕುತ್ತಾ ಹರಡಿ. ಅಲ್ಲಲ್ಲಿ ಗುಂಡಿ ಬೀಳಲಿ, ಬೇಕಂತಲೇ. ಆ ಗುಂಡಿಗಳಿಗೆ ಬಿಸಿ ಬಿಸಿಯಾದ್ದೇನಾದರೂ ಸುರಿಯಬೇಕು. ಪುಟ್ಟ ಟೊಮ್ಯಾಟೊಗಳನ್ನು ಬಾಣಲೆಯಲ್ಲಿ ಸಿಪ್ಪೆ ಒಡೆಯುವ ತನಕ ಹುರಿದದ್ದು ಆಗಬಹುದು. ಅದೂ ಬೇಡವೆಂದರೆ ಬೆಣ್ಣೆ ಕಾಯಿಸಿ, ಇಳಿಸಿ, ಖಾರದ ಪುಡಿ ಹಾಕಿ, ಬುರುಗು ಇರುವಾಗಲೇ ಸುರಿಯಿರಿ. ಬಿಳಿ ಮೇಲೆ ಕೆಂಪು ಹರಿಯುವುದನ್ನು ನೋಡಿದ ಮೇಲೆ ಯಾರಿಗೂ ಇದು ಬರೀ ಮೊಸರು ಅನ್ನಿಸುವುದಿಲ್ಲ. ಒಂದೇ ತುತ್ತಿನಲ್ಲಿ ತಣ್ಣಗಿನದೂ ಬಿಸಿಯದೂ ಒಟ್ಟಿಗೆ ಸಿಗುತ್ತದಲ್ಲ, ಅದರ ಮಜಾನೇ ಬೇರೆ. ಒಲೆ ಉರಿದದ್ದು ಹೆಚ್ಚೆಂದರೆ ನಾಲ್ಕು ನಿಮಿಷ.

ಇದಕ್ಕೆ ಬದಲು ಮನೆಯಲ್ಲೇ ಮೇಯನೇಸ್ ಮಾಡಿ ಅದರ ಮೇಲೆ ಏನಾದರೂ ಮಾಡೋಣ ಅಂತ ಕೆಲವರು ಯೋಚಿಸುತ್ತಾರೆ. ಹಸಿ ಮೊಟ್ಟೆ, ಸುಡುವ ಸೆಕೆ, ಮೇಜಿನ ಮೇಲೆ ಎರಡು ಗಂಟೆ. ನಾನಂತೂ ಮಾಡುವುದಿಲ್ಲ.

ಹೊಟ್ಟೆ ತುಂಬಿಸುವುದಕ್ಕೆ: ಅನ್ನ, ಪಾಸ್ತಾ, ನೂಡಲ್ಸ್

ತಣ್ಣಗೆ ಬಡಿಸುವುದಾದರೆ ಮೂರರಲ್ಲಿ ಅನ್ನ ಕೊನೆಗೆ. ಫ್ರಿಜ್ಜಿಗೆ ಹೋದ ಅನ್ನ ಕಾಳು ಕಾಳಾಗಿ ಗಟ್ಟಿಯಾಗುತ್ತದೆ, ಬೆಂದಾಗ ಮೆತ್ತಗಾಗಿದ್ದ ಪಿಷ್ಟ ಚಳಿಗೆ ಮತ್ತೆ ಬಿಗಿಯಾಗುವುದರಿಂದ. ಹೊರಗೆ ಬಿಟ್ಟರೆ ಇನ್ನೊಂದು ಕಾಟ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಟ್ಟರೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನವೇ ಬೇಕು ಅಂದರೆ ಆಗಷ್ಟೇ ಮಾಡಿ ಬಿಸಿಯಾಗಿ ಬಡಿಸಿ, ಜೊತೆಗಿರುವುದು ತಣ್ಣಗಿರಲಿ.

ಪಾಸ್ತಾ ಪರವಾಗಿಲ್ಲ. ಪ್ಯಾಕೆಟ್ಟಿನಲ್ಲಿ ಹೇಳಿದ್ದಕ್ಕಿಂತ ಒಂದು ನಿಮಿಷ ಜಾಸ್ತಿ ಬೇಯಿಸಿ, ತಣ್ಣಗಾದಾಗ ಅದೂ ಗಟ್ಟಿಯಾಗುತ್ತದೆ.

ನಾನು ಆರಿಸುವುದು ಗೋಧಿ ನೂಡಲ್ಸ್. ಬೆಳಗ್ಗೆ ಬೇಯಿಸಿ, ತಣ್ಣೀರಿನಲ್ಲಿ ಬಟ್ಟೆ ಜಾಲಾಡುವ ಹಾಗೆ ಕೈಯಲ್ಲೇ ಉಜ್ಜಿ ತೊಳೆಯಿರಿ, ನೀರು ತಿಳಿಯಾಗುವ ತನಕ. ಹೊರಮೈಯ ಅಂಟು ಹೋದರೆ ಮಾತ್ರ ಎಳೆ ಎಳೆಯಾಗಿ ಉಳಿಯುತ್ತದೆ. ಒಂದು ಚಮಚ ಎಣ್ಣೆ ಸವರಿ ಮುಚ್ಚಿ ಫ್ರಿಜ್ಜಿಗೆ ಇಡಿ. ಕಡಲೆಕಾಯಿ ಬೀಜದ ಬೆಣ್ಣೆ, ಸೋಯಾ ಸಾಸ್, ನಿಂಬೆರಸ, ಒಂಚೂರು ಬೆಲ್ಲ ಇಲ್ಲಾ ಸಕ್ಕರೆ, ಹಸಿ ಶುಂಠಿ ಕಲಸಿದ ಸಾಸ್ ಬೇರೆ ಡಬ್ಬಿಯಲ್ಲಿರಲಿ. ಬಡಿಸುವಾಗ ಕಲಸಿ ಮೇಲೆ ಹುರಿದ ಕಡಲೆಕಾಯಿ ಬೀಜ ಉದುರಿಸಿದರೆ ಕರುಂ ಅನ್ನುವುದೂ ಸಿಕ್ಕಿತು. ಬೀಜ ತಿಂದರೆ ಅಲರ್ಜಿ ಆಗುವವರು ಇದ್ದಾರಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಒಲೆ ಹಚ್ಚಲೇಬೇಕು ಅಂದರೆ

ಕಾವಲಿ ಮತ್ತು ಓವನ್, ಇವೆರಡರ ಜಗಳ ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆಯೂ ನಡೆಯುತ್ತದೆ. ಓವನ್ ಪಕ್ಷದವರು ಹೇಳುವುದು, ಒಳಗಿಟ್ಟು ಹೋಗಿ ಕೂತುಕೊಳ್ಳಬಹುದು ಅಂತ. ನಿಜ. ಆದರೆ 200 ಡಿಗ್ರಿಯಲ್ಲಿ ಒಂದು ಗಂಟೆ ಉರಿದ ಓವನ್ ಸಂಜೆಯೆಲ್ಲಾ ಮನೆಯನ್ನು ಬೇಯಿಸುತ್ತದೆ. ಓವನ್ ಬಳಸುವುದಾದರೆ ಬೆಳಗಿನ ಆರು ಗಂಟೆಗೆ ಬಳಸಿ, ತಣ್ಣಗಾದರೂ ಚೆನ್ನಾಗಿರುವುದನ್ನೇ ಮಾಡಿ. ಬದನೆಕಾಯಿ, ಕ್ಯಾಪ್ಸಿಕಂ, ಈರುಳ್ಳಿ ಸುಟ್ಟು, ಬಿಸಿ ಇರುವಾಗಲೇ ಎಣ್ಣೆ ವಿನೆಗರ್ ಸುರಿದಿಟ್ಟರೆ ಸಂಜೆಗೆ ಇನ್ನೂ ರುಚಿ.

ಕಾವಲಿ ಪಕ್ಷಕ್ಕೆ ನಾನು. ಜೋರು ಉರಿ, ಐದು ನಿಮಿಷ, ಮುಗೀತು. ಸೀಗಡಿ ಬೇಯಲು ಎರಡು ಮೂರು ನಿಮಿಷ ಸಾಕು, ಪೂರ್ತಿ ಸುರುಳಿ ಸುತ್ತಿಕೊಂಡಿತು ಅಂದರೆ ಜಾಸ್ತಿ ಬೆಂದು ರಬ್ಬರ್ ಆಯಿತು ಅಂತ ಅರ್ಥ. ಪನೀರ್ ಆದರೆ ಒಂದೊಂದು ಬದಿಗೆ ಒಂದೂವರೆ ನಿಮಿಷ. ಕಾವಲಿಯ ಗುಟ್ಟು ಒಂದೇ, ಹಾಕುವುದು ಒಣಗಿರಬೇಕು. ಮೇಲೆ ನೀರಿನ ಪಸೆ ಇದ್ದರೆ ಅದು ಆವಿಯಾಗಿ ಹೋಗುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣ ಬರುವುದಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ಒರೆಸದೆ ಹಾಕಿದರೆ ಹುರಿಯುವುದಿಲ್ಲ, ಬೇಯುತ್ತದೆ. ಕಾವಲಿ ತುಂಬಾ ತುಂಬಿಸಿದರೂ ಅದೇ ಕಥೆ. ಆರು ಜನಕ್ಕಿಂತ ಜಾಸ್ತಿ ಇದ್ದರೆ ಎರಡು ಮೂರು ಸರದಿ ಆಗುತ್ತದೆ, ಆಗ ಐದು ನಿಮಿಷ ಇಪ್ಪತ್ತಾಗುತ್ತದೆ, ಅಲ್ಲಿಗೆ ನನ್ನ ವಾದವೂ ಬಿತ್ತು. ಹತ್ತು ಜನಕ್ಕೆ ಓವನ್ನೇ ಸರಿ ಅಂತ ಒಪ್ಪಿಕೊಳ್ಳುತ್ತೇನೆ.

ಮುಸುಕಿನ ಜೋಳಕ್ಕೆ ಎರಡೂ ಬೇಡ. ಸಿಪ್ಪೆ ಸಮೇತ ತೆನೆಯನ್ನು ಮೈಕ್ರೋವೇವಿನಲ್ಲಿ ಮೂರು ನಾಲ್ಕು ನಿಮಿಷ ಇಡಿ, ಅದರ ಹಬೆಯಲ್ಲೇ ಅದು ಬೇಯುತ್ತದೆ. ಕಾಬೂಲಿ ಕಡಲೆಯಂಥದ್ದಿದ್ದರೆ ಕುಕ್ಕರಿನಲ್ಲಿ ರಾತ್ರಿಯೇ ಮುಗಿಸಿ.

ಹಸಿ ಮೀನಿಗೆ ನಿಂಬೆರಸ ಹಿಂಡಿ, ಒಲೆಯೇ ಹಚ್ಚದೆ ಬಡಿಸುವ ಒಂದು ಬಗೆಯೂ ಇದೆ, ನೋಡಲು ಭಾರಿ ಚಂದ. ನಿಂಬೆಯ ಹುಳಿಗೆ ಮೀನು ಬೆಂದ ಹಾಗೆ ಬಿಳಿಯಾಗುತ್ತದೆ ನಿಜ, ಆದರೆ ಬೆಂದಿರುವುದಿಲ್ಲ, ಅದರೊಳಗಿನ ರೋಗಾಣು, ಹುಳುಗಳೆಲ್ಲ ಸಾಯುತ್ತವೆ ಅನ್ನುವ ಭರವಸೆ ಇಲ್ಲ. ಮನೆಯಲ್ಲಿ, ಅದೂ ಬೇಸಿಗೆಯಲ್ಲಿ, ಬೇಡ.

ಸಿಹಿ: ಇಲ್ಲೇ ಜಾಸ್ತಿ ಎಡವುವುದು

ಒಂದು ಸಲ ತಾಜಾ ಅನಾನಸ್ ಹಾಕಿ ಜೆಲಾಟಿನ್ ಪುಡ್ಡಿಂಗ್ ಮಾಡಿದ್ದೆ. ರಾತ್ರಿ ಹತ್ತಕ್ಕೆ ಫ್ರಿಜ್ಜಿಗಿಟ್ಟೆ. ಬೆಳಗ್ಗೆ ಅಲುಗಾಡಿಸಿದರೆ ನೀರು. ಮಧ್ಯಾಹ್ನಕ್ಕೂ ನೀರು. ಅಕ್ಕ ಬಂದು ಬಗ್ಗಿ ನೋಡಿ, "ಇದನ್ನ ಕುಡೀಬೇಕಾ, ತಿನ್ನಬೇಕಾ ಕಣೇ?" ಅಂದಳು. ಕೊನೆಗೆ ಲೋಟಕ್ಕೆ ಹಾಕಿ ಐಸ್ ಸೇರಿಸಿ ಪಾನೀಯ ಅಂತ ಕೊಟ್ಟೆ, ಯಾರಿಗೂ ಗೊತ್ತಾಗಲಿಲ್ಲ, ಅಕ್ಕನಿಗೆ ಬಿಟ್ಟು. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ, ಅದು ಪ್ರೋಟೀನನ್ನು ತುಂಡರಿಸುತ್ತದೆ. ಜೆಲಾಟಿನ್ ಅಂದರೆ ಪ್ರೋಟೀನೇ. ಪರಂಗಿಹಣ್ಣು, ಕಿವಿ ಹಣ್ಣಿನದೂ ಇದೇ ಬುದ್ಧಿ. ಹಣ್ಣನ್ನು ಒಂದು ಕುದಿ ಕುದಿಸಿಕೊಂಡರೆ ಕಿಣ್ವ ಸುಮ್ನಾಗುತ್ತದೆ.

ಅದು ಒತ್ತಟ್ಟಿಗಿರಲಿ, ಬೇಸಿಗೆಗೆ ಜೆಲಾಟಿನ್ನಿಗಿಂತ ಚೈನಾ ಗ್ರಾಸ್ ಮೇಲು ಅನ್ನುವುದಕ್ಕೆ ಬೇರೆಯೇ ಕಾರಣ ಇದೆ. ಜೆಲಾಟಿನ್ ಕರಗುವುದು ಹೆಚ್ಚುಕಡಿಮೆ ನಮ್ಮ ಮೈಬಿಸಿಯಲ್ಲೇ. ಬಾಯಲ್ಲಿಟ್ಟ ತಕ್ಷಣ ಕರಗುವ ಆ ಸುಖ ಬರುವುದು ಅದರಿಂದಲೇ. ಆದರೆ ಹೊರಗೇ ಆ ಬಿಸಿ ಇದ್ದರೆ? ಬಂದವರು ಅರ್ಧ ಗಂಟೆ ತಡ ಮಾಡಿದರೆ ತಟ್ಟೆಯಲ್ಲಿ ನಿಂತಿದ್ದ ಪುಡ್ಡಿಂಗ್ ನಿಧಾನಕ್ಕೆ ಕಾಲು ಚಾಚುತ್ತದೆ. ಕಡಲ ಪಾಚಿಯಿಂದ ತೆಗೆಯುವ ಚೈನಾ ಗ್ರಾಸ್ ಹಾಗಲ್ಲ. ಅದು ಸುಮಾರು 35ರಿಂದ 40 ಡಿಗ್ರಿಗೆ ಇಳಿಯುವಾಗಲೇ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗಬೇಕಾದರೆ 85 ಡಿಗ್ರಿ ಹತ್ತಿರ ಬಿಸಿ ಬೇಕು. ಫ್ರಿಜ್ಜು ಕೈಕೊಟ್ಟರೂ ನಿಲ್ಲುತ್ತದೆ. ಸಸ್ಯಾಹಾರಿಗಳೂ ತಿನ್ನಬಹುದು. ಜೆಲಾಟಿನ್ ಪ್ರಾಣಿಗಳ ಚರ್ಮ ಮೂಳೆಯಿಂದ ಬರುವುದು, ಹೇಳದೆ ಬಡಿಸಬೇಡಿ.

ಹಾಗಂತ ಚೈನಾ ಗ್ರಾಸ್ ದೋಷವಿಲ್ಲದ್ದೇನಲ್ಲ. ಜಾಸ್ತಿ ಹಾಕಿದರೆ ಇಟ್ಟಿಗೆ. ಅರ್ಧ ಲೀಟರ್ ಹಾಲಿಗೆ ಪುಡಿಯಾದರೆ ಒಂದೇ ಸಣ್ಣ ಚಮಚ, ಮಟ್ಟಸವಾಗಿ. ಬರೀ ಬಿಸಿ ಹಾಲಿನಲ್ಲಿ ಕಲಕಿದರೆ ಕರಗುವುದಿಲ್ಲ, ಎರಡು ನಿಮಿಷ ಕುದಿಯಲೇಬೇಕು. ಜೆಲಾಟಿನ್ ಇದಕ್ಕೆ ಉಲ್ಟಾ, ಮೊದಲು ತಣ್ಣೀರಿನಲ್ಲಿ ನೆನೆಸಿ ಆಮೇಲೆ ಬೆಚ್ಚಗೆ ಕರಗಿಸಬೇಕು, ಕುದಿಸಬಾರದು. ಇವೆರಡನ್ನು ಅದಲು ಬದಲು ಮಾಡಿಕೊಂಡವರೇ ಜಾಸ್ತಿ.

ಇನ್ನು ಹೆಪ್ಪುಗಟ್ಟಿಸುವ ಸಿಹಿಗಳು. ಯಂತ್ರವಿಲ್ಲದೆ ಮಾಡುವ ಐಸ್‌ಕ್ರೀಮಿಗೆ 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 500 ಮಿ.ಲೀ. ಗಟ್ಟಿ ಕ್ರೀಮ್, ಅಷ್ಟೇ. ಕ್ರೀಮಿನಲ್ಲಿ ಕೊಬ್ಬು ನೂರಕ್ಕೆ 30 ಪಾಲಿಗಿಂತ ಕಡಿಮೆ ಇದ್ದರೆ ಎಷ್ಟು ಕಡೆದರೂ ಉಬ್ಬುವುದಿಲ್ಲ. ಸೆಕೆಯಲ್ಲಿ ಪಾತ್ರೆ, ಕಡೆಯುವ ಕಡ್ಡಿ ಎರಡನ್ನೂ ಫ್ರೀಜರಿನಲ್ಲಿಟ್ಟು ತೆಗೆದು, ಕ್ರೀಮ್ ಕೂಡ ಫ್ರಿಜ್ಜಿನಿಂದ ನೇರ ತಂದು ಕಡೆಯಿರಿ, ಇಲ್ಲವಾದರೆ ಬೆಣ್ಣೆ ಬಂದೀತು! ಕಲಸಿ ಆರು ಗಂಟೆ ಫ್ರೀಜರಿನಲ್ಲಿಟ್ಟರೆ ಸೌಟಿಗೆ ಬರುವಷ್ಟು ಮೆತ್ತಗಿರುತ್ತದೆ, ಅಷ್ಟೊಂದು ಸಕ್ಕರೆ ಪೂರ್ತಿ ಹೆಪ್ಪುಗಟ್ಟಲು ಬಿಡುವುದಿಲ್ಲವಲ್ಲ. ಮಾವಿನ ಹಣ್ಣಿನ ತಿರುಳು ಸೇರಿಸುವ ಆಸೆ ಇದ್ದರೆ ಮೊದಲು ಒಲೆಯ ಮೇಲೆ ಅರ್ಧಕ್ಕೆ ಇಂಗಿಸಿ ಆರಿಸಿಕೊಳ್ಳಿ. ಹಾಗೇ ಹಾಕಿದರೆ ಅದರ ನೀರೆಲ್ಲಾ ಹಲ್ಲಿಗೆ ಸಿಗುವ ಐಸ್ ಚೂರಾಗುತ್ತದೆ.

ಭಾರಿ ಊಟದ ಮೇಲೆ ಇದು ಜಾಸ್ತಿಯಾಯಿತು ಅನ್ನಿಸುತ್ತದೆ. ಆಗ ಗ್ರಾನಿಟಾ, ಅಂದರೆ ಹಣ್ಣಿನ ರಸ ಹೆಪ್ಪುಗಟ್ಟಿಸುತ್ತಾ ಕೆರೆದು ಪುಡಿ ಪುಡಿ ಮಾಡಿದ ಐಸ್. 1 ಕೆಜಿ ಕಲ್ಲಂಗಡಿ ತಿರುಳು ರುಬ್ಬಿ ಸೋಸಿ, 100 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು. ಅಗಲದ ತಟ್ಟೆಗೆ ಸುರಿದು ಫ್ರೀಜರಿಗೆ ಇಟ್ಟು, ಅರ್ಧ ಮುಕ್ಕಾಲು ಗಂಟೆಗೊಮ್ಮೆ ಫೋರ್ಕಿನಲ್ಲಿ ಕೆರೆಯಬೇಕು, ನಾಲ್ಕೈದು ಸಲ. ಸಕ್ಕರೆ ಕಡಿಮೆ ಮಾಡಿದರೆ ಬಂಡೆ, ಜಾಸ್ತಿ ಮಾಡಿದರೆ ಗಟ್ಟಿಯಾಗುವುದೇ ಇಲ್ಲ. ಕೆಲಸ ಅನ್ನುವಂಥದ್ದೇನಿಲ್ಲ, ಆದರೆ ನೀವು ಆ ಮೂರು ಗಂಟೆ ಮನೆಯಲ್ಲಿರಬೇಕು. ಮಧ್ಯಾಹ್ನ ಹೊರಗೆ ಹೋಗುವವರಿಗೆ ಇದು ಆಗದು.

ಮಕ್ಕಳೇ ಜಾಸ್ತಿ ಇದ್ದರೆ ಎರಡೂ ಬಿಟ್ಟು ಐಸ್ ಕ್ಯಾಂಡಿ ಅಚ್ಚಿಗೆ ಹಣ್ಣಿನ ರಸ ಸುರಿದಿಟ್ಟುಬಿಡಿ. ಇದರ ಹಿಂದೆ ಒಂದು ಕಥೆ ಹೇಳುತ್ತಾರೆ. 1905ರಲ್ಲಿ ಫ್ರಾಂಕ್ ಎಪ್ಪರ್ಸನ್ ಅನ್ನುವ 11 ವರ್ಷದ ಅಮೆರಿಕದ ಹುಡುಗ ಕಲಸುವ ಕಡ್ಡಿ ಸಮೇತ ಪಾನೀಯದ ಲೋಟವನ್ನು ಚಳಿಯ ರಾತ್ರಿ ಹೊರಗೆ ಮರೆತನಂತೆ. ದೊಡ್ಡವನಾದ ಮೇಲೆ, 1924ರಲ್ಲಿ, ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಮರೆತದ್ದರಿಂದ ಲಾಭವಾದ ಅಡುಗೆ ನನಗೆ ಗೊತ್ತಿರುವ ಹಾಗೆ ಇದೊಂದೇ.

ಕೈಯಲ್ಲಿ ನಿಜವಾಗಿ ಒಳ್ಳೆಯ ಮಾವಿನ ಹಣ್ಣಿದ್ದರೆ? ಏನೂ ಮಾಡಬೇಡಿ. ತಣ್ಣಗೆ ಮಾಡಿ, ಹೆಚ್ಚಿ, ಇಡಿ.

ಜೋಡಿ ಹೇಗೆ ಕಟ್ಟುವುದು

ಕೊನೆಯ ಗಳಿಗೆಯಲ್ಲಿ ಮಾಡುವುದು ಒಂದಕ್ಕಿಂತ ಜಾಸ್ತಿ ಇರಬಾರದು. ಸಲಾಡ್ ಆರಿಸಿದರೆ ಕಾವಲಿ ಬೇಡ, ಕಾವಲಿ ಆರಿಸಿದರೆ ಸಲಾಡ್ ಬದಲು ಸೂಪು. ಎರಡನ್ನೂ ಹಚ್ಚಿಕೊಂಡ ದಿನ ನಾನು ಎರಡರಲ್ಲೂ ಸೋತಿದ್ದೇನೆ. ಒಲೆಯೇ ಹಚ್ಚುವುದು ಬೇಡ ಅನ್ನುವಷ್ಟು ಸೆಕೆ ಇದ್ದರೆ ಸೂಪು, ಕಟ್ಟಿದ ಮೊಸರಿನ ಮೇಲೆ ಹಸಿ ಟೊಮ್ಯಾಟೊ ಮತ್ತು ಎಣ್ಣೆ, ಜೊತೆಗೆ ಬ್ರೆಡ್ಡು, ಕೊನೆಗೆ ಹಣ್ಣು. ಯಾರೂ ಹಸಿದುಕೊಂಡು ಹೋಗುವುದಿಲ್ಲ. ಹನ್ನೆರಡು ಜನ ಬರುತ್ತಿದ್ದರೆ ಓವನ್ನಿನ ತರಕಾರಿ, ನೂಡಲ್ಸ್, ಚೈನಾ ಗ್ರಾಸ್ ಪುಡ್ಡಿಂಗ್, ಮೂರೂ ಮೊದಲೇ ಮುಗಿಯುವಂಥದ್ದು.

ಏನೇ ಆರಿಸಿದರೂ ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಅರ್ಧ ಅರ್ಧ ಮಾಡಿ ಹೊರಗೆ ತರುವುದು ಜಾಣತನ. ಫ್ರಿಜ್ಜಿನಲ್ಲಿ ಜಾಗ ಸಾಲದೆ ಸೂಪು ಬೆಚ್ಚಗೆ ಉಳಿದುಹೋದರೆ, ದೊಡ್ಡ ಪಾತ್ರೆಯಲ್ಲಿ ಐಸ್, ಐಸ್ ಮುಳುಗುವಷ್ಟು ನೀರು, ಎರಡು ಹಿಡಿ ಉಪ್ಪು ಹಾಕಿ ಸೂಪಿನ ಪಾತ್ರೆಯನ್ನು ಅದರಲ್ಲಿ ಕೂರಿಸಿ ಕಲಕುತ್ತಿರಿ. ಬರೀ ಐಸ್ ಹಾಕಿದರೆ ಅಲ್ಲಲ್ಲಿ ತಾಗುತ್ತದೆ, ನೀರಿದ್ದರೆ ಸುತ್ತಲೂ ತಾಗುತ್ತದೆ, ಉಪ್ಪಿದ್ದರೆ ಆ ನೀರು ಸೊನ್ನೆಗಿಂತ ಕೆಳಗಿಳಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಕುಡಿಯುವ ಹಾಗಾಗುತ್ತದೆ.

ನಾಳೆ ಆರು ಜನ ರಾತ್ರಿ ಎಂಟಕ್ಕೆ ಬರುತ್ತಾರೆ ಅಂದರೆ ನಾನು ಮಾಡುವುದು ಇದು. ಇವತ್ತು ರಾತ್ರಿ ಸೂಪು ರುಬ್ಬಿ ಇಡುತ್ತೇನೆ, ಮೊಸರು ಕಟ್ಟುತ್ತೇನೆ, ಐಸ್‌ಕ್ರೀಮ್ ಕಲಸಿ ಫ್ರೀಜರಿಗೆ ಸೇರಿಸುತ್ತೇನೆ. ಎಲ್ಲಾ ಸೇರಿ ಒಂದು ಗಂಟೆ. ಬೆಳಗ್ಗೆ ನೂಡಲ್ಸ್ ಬೇಯಿಸಿ ತೊಳೆದಿಡುತ್ತೇನೆ, ಇಪ್ಪತ್ತು ನಿಮಿಷ. ಸಂಜೆ ಏಳೂವರೆಗೆ ಸೂಪಿನ ಉಪ್ಪು ನೋಡಿ ಲೋಟಗಳಿಗೆ ಸುರಿದು ಮತ್ತೆ ಒಳಗಿಡುತ್ತೇನೆ. ಮುಕ್ಕಾಲಿಗೆ ಮುಖ ತೊಳೆದು ಬಟ್ಟೆ ಬದಲಿಸುತ್ತೇನೆ. ಎಲ್ಲರೂ ಬಂದು ಕೂತು, ಲೋಟ ಖಾಲಿಯಾದ ಮೇಲೆ ಬೆಣ್ಣೆ ಕಾಯಿಸಲು ನಾಲ್ಕು ನಿಮಿಷ ಒಳಗೆ ಹೋಗುತ್ತೇನೆ, ಆ ಚುಂಯ್ ಅನ್ನುವ ಸದ್ದು ಹೊರಗೆ ಕೇಳುವ ಹಾಗೆ ಅಡುಗೆಮನೆಯ ಬಾಗಿಲು ತೆರೆದೇ ಇಟ್ಟು.